ಪುಡಿ ನುಂಗದೆ ಹೋದ ದಿನ

ಕಡಲಿಗಿಳಿಯೋ ಮುಂಚೆ ತಲೆನೋವಿನ ಪುಡಿ ನುಂಗೋದು ನಮ್ಮ ಜೇಜು ದ್ವೀಪದ ಮುಳುಗುಗಾರ್ತಿಯರಿಗೆ ಹಲ್ಲುಜ್ಜಿದಷ್ಟೇ ಸಹಜ. ಉಸಿರು ಬಿಗಿಹಿಡಿದು ತಳದಲ್ಲಿ ಚಿಪ್ಪು ಕೀಳೋರ ತಲೆ ಸಿಡಿಯದೆ ಇರತ್ತಾ? ನನ್ನ ತಂಗಿ ಮಗಳು ಹೇರಿಮ್‌ಗೂ ಮುಳುಗೋದು, ಪುಡಿ ನುಂಗೋದು ಎರಡೂ ಕಲಿಸಿದವಳು ನಾನೇ.

ಅವಳ ಮೊಣಕಾಲಿಗೆ ಏನೋ ಹತ್ತಿಕೊಂಡಿತ್ತು. ರಾತ್ರಿಯೆಲ್ಲ ನರಳಾಟ, ಬೆಳಿಗ್ಗೆ ಕುಂಟು. ತಂಡದ ಹಿರಿಯಳು ಬುನ್‌ಸುನ್ ಖಡಾಖಂಡಿತವಾಗಿ ಹೇಳಿಬಿಟ್ಟಳು: “ಕಾಲೆಳೆಯೋಳನ್ನ ಅಲೆಗೆ ಬಿಡಲ್ಲ. ವಸಂತಕ್ಕೆ ಸರಿಹೋಗದಿದ್ರೆ ಅವಳ ಜಾಗ ಬೇರೆಯವಳಿಗೆ.” ಆ ಹುಡುಗಿಗೋ ಕಡಲು ಬಿಟ್ಟರೆ ಬೇರೆ ಬದುಕೇ ಬೇಡ.

ಎರಡು ಸಲ ಡಾಕ್ಟರ್ ಹ್ಯೊನ್ ಹತ್ತಿರ ಹೋಗಿಬಂದಳು. ಒತ್ತಿದರೆ ನೋವಿಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ. “ಕೆಲಸಕ್ಕೆ ಕಳ್ಳಬೀಳೋ ಹುಡುಗಿ” ಅಂತ ಊರ ಬಾಯಿ. ನನಗೆ ಮೈ ಉರಿದುಹೋಯ್ತು. ಮೂರನೇ ಸಲ ನಾನೇ ಜೊತೆಗೆ ಹೊರಟೆ. ಬಸ್ಸಿಗೆ ಕಾಯುವಾಗ ಪುಡಿಯ ಪೊಟ್ಟಣ ಹರಿದು ಬಾಯಿಗೆತ್ತಿದಳು.

“ಏಯ್! ಆಸ್ಪತ್ರೆಯಲ್ಲಿ ಚಿಪ್ಪು ಕೀಳ್ತೀಯೇನೇ?”

“ಅಭ್ಯಾಸ ದೊಡ್ಡಮ್ಮ. ಮನೆ ಬಿಟ್ಟರೆ ಕೈ ತಾನಾಗೇ ಹೋಗತ್ತೆ.”

ಕಿತ್ತು ಎಸೆದೆ.

ಹ್ಯೊನ್ ಮೊಣಕಾಲಿನ ಕೆಳಗೆ ಒತ್ತಿದ. ಇಡೀ ಆಸ್ಪತ್ರೆ ಎದ್ದು ಕೂರೋ ಹಾಗೆ ಕಿರುಚಿದಳು.

“ಹಿಂದೆಲ್ಲ ಯಾಕೆ ಸುಮ್ಮನಿದ್ದೆ?”

“ಪುಡಿ ನುಂಗಿ ಬಂದಿದ್ದಳು, ಪುಣ್ಯಾತ್ಮ!” ಅಂದೆ ನಾನು.

“ನುಂಗಿದ್ರೆ ಪೂರ್ತಿ ಹೋಗತ್ತಾ? ರಾತ್ರಿ ಜಾಸ್ತಿನಾ?” ಹೇರಿಮ್ ಎರಡಕ್ಕೂ ಹೌದು ಅಂದಳು. ಅವನ ಮುಖ ಅರಳಿತು. “ಹಾಗಾದ್ರೆ ಕೀಲು ಸವೆದಿಲ್ಲ. ಮೂಳೆಯೊಳಗೆ ಪುಟ್ಟ ಗಡ್ಡೆ ಇರಬೇಕು. ಅದರ ನೋವೇ ಹೀಗೆ ರಾತ್ರಿ ಕಾಡೋದು, ಇಂಥ ಪುಡಿಗೆ ಪೂರ್ತಿ ಅಡಗೋದು.”

ಸ್ಕ್ಯಾನ್ ಮಾಡಿಸಿದರೆ ಇತ್ತು, ಬಟಾಣಿ ಕಾಳಿನಷ್ಟು, ಕೀಲಿನ ಅಂಚಿಗೇ. ಕ್ಯಾನ್ಸರ್ ಅಲ್ಲ ಅಂದಾಗ ನನಗೆ ಹೋದ ಜೀವ ಬಂತು.

“ಮತ್ತೆ ಮುಳುಗ್ತಾಳಾ?”

“ಕೀಲಿಗೆ ತಾಗದ ಹಾಗೆ ಗಡ್ಡೆ ತೋಡಬೇಕು. ತೋಡ್ತೀನಿ.”

ನೋಡೋಣ, ಪ್ರಯತ್ನ ಮಾಡೋಣ ಅನ್ನಲಿಲ್ಲ ಪುಣ್ಯಾತ್ಮ. ಆ ಮಾತು ಹಿಡಿಸಿತು. “ನಾವು ಬಂಡೆ ಕೆಡಿಸದೆ ಚಿಪ್ಪು ಎಬ್ಬಿಸ್ತೀವಿ. ನೀನೂ ಹಾಗೇ ಮಾಡು” ಅಂದೆ.

ಆಪರೇಷನ್ ಆದಮೇಲೆ ಹೇರಿಮ್ ಕಣ್ಣು ಬಿಟ್ಟಳು. “ಗಾಯ ಉರೀತಿದೆ ದೊಡ್ಡಮ್ಮ. ಆದರೆ ಆ ನೋವಿಲ್ಲ.” ನಾನು ಗೊಳೋ ಅಂತ ಅತ್ತೆ.

ಮೂಳೆ ಕೂಡಿಕೊಳ್ಳಲು ಚಳಿಗಾಲವೆಲ್ಲ ಬೇಕಾಯ್ತು. ವಸಂತದ ಮೊದಲ ದಿನ ದಡದ ಬೆಂಕಿ ಸುತ್ತ ಕೂತು ಪುಡಿ ಹಂಚಿಕೊಂಡೆವು. ಹೇರಿಮ್ ತನ್ನ ಪೊಟ್ಟಣ ನನ್ನ ಕೈಗೆ ತುರುಕಿದಳು.

“ನೀನೇ ಇಟ್ಕೋ. ಇವತ್ತು ನನ್ನ ಹಿಂದೆ ಬರಬೇಕಲ್ಲ, ಎರಡು ಬೇಕಾಗತ್ತೆ.”

ಧುಮುಕಿದಳು. ಬುನ್‌ಸುನ್ ಸೊಂಟಕ್ಕೆ ಕೈಯಿಟ್ಟು ನೋಡುತ್ತಾ ನಿಂತಳು. ಕೊನೆಗೆ ದೂರದ ಬಂಡೆಯಾಚೆಯಿಂದ ಹೇರಿಮ್ ನೀರಿಂದ ತಲೆಯೆತ್ತಿ, ನಮ್ಮವರೆಲ್ಲ ಬಿಡೋ ಹಾಗೆ, ಉಸಿರು ಬಿಟ್ಟ ಸಿಳ್ಳೆ ಕೇಳಿಸಿತು.

“ಅವಳ ಜಾಗ ಅವಳದ್ದೇ” ಅಂದಳು ಬುನ್‌ಸುನ್. “ನೀನೇನು ಬೆಂಕಿ ಕಾಯಿಸ್ಕೊಂಡು ಕೂತಿದ್ದೀಯ?”

ನಾನು ಎರಡೂ ಪೊಟ್ಟಣ ನುಂಗಿ ಹೇರಿಮ್ ಹಿಂದೆ ಹೊರಟೆ.