ಹರಕ ಎಲಿ ಬ್ಯಾರೆ ಬುಟ್ಟಿಗೆ

"ನಾಳಿಂದ ಗ್ರಂಥಾಲಯ ಬಂದ್!" ಅಂತ ನಾಸೀರ ಪಡಸಾಲ್ಯಾಗ ನಿಂತು ಕೂಗಿದ. "ಕಂಪ್ಯೂಟರ್ ಕಲೀತೇನಿ ಅಂತ ಹೇಳಿ ಹೋಗಿ, ಅಲ್ಲಿ ಆಟ ಆಡ್ಕೋತ ಕುಂತಾಳ. ಕಿಟಕ್ಯಾಗಿಂದ ನಾನ ಕಣ್ಣಾರೆ ನೋಡೇನಿ!"

ಎಂಟನೇ ಇಯತ್ತೆ ಓದೋ ಮದಿಹಾ, ವೀಳ್ಯದೆಲಿ ಜೋಡಸೋದು ಬಿಟ್ಟು ತಲಿ ಎತ್ತಿದ್ಲು. ಆಕೀ ಮೈಯೆಲ್ಲಾ ಉರದುಹೋತು.

"ಆಟ ಆಡಾಕತ್ತಿಲ್ಲ ಕಾಕಾ. ಆಟ ಮಾಡಾಕತ್ತೇನಿ."

"ಎರಡೂ ಒಂದ!"

"ಹೆಂಗ ಒಂದ? ರೊಟ್ಟಿ ಬಡಿಯೋದೂ ರೊಟ್ಟಿ ತಿನ್ನೋದೂ ಒಂದೇನು? ನಿನಗ ತಿನ್ನೋದಷ್ಟ ಗೊತ್ತು!"

"ಅಬಬಾ, ಏನ್ ಬಾಯಿ ಈ ಹುಡುಗಿದು!" ಅಂತ ದಾದಿ ಕುಲಸುಮಬಿ ಗದರಿದ್ಲು. ದಾದಿ ಅಂದ್ರ ಅಪ್ಪನ ಅವ್ವ. ಸವಣೂರ ಸುತ್ತಲಿನ ತೋಟದಿಂದ ಬಂದ ಎಲಿ ಆರಿಸಿ, ನೂರು ಎಣಿಸಿ, ಕಟ್ಟು ಕಟ್ಟೋದ್ರಾಗ ಐವತ್ತು ವರ್ಷ ಕಳದಾಕಿ. ಓಣ್ಯಾಗಿನ ಹುಡುಗರು ಮೊಬೈಲ್ ಆಟಕ್ಕ ಬಿದ್ದು ಊಟ, ಸಾಲಿ ಎರಡೂ ಮರತಿದ್ದು ನೋಡಿದಾಕಿ. ಆಕೀ ಹೆದರಿಕಿ ಸುಳ್ಳಲ್ಲ.

"ಆಟಕ್ಕ ಬಿದ್ದಾವರು ಉದ್ಧಾರ ಆಗಿದ್ದು ನಾ ಕಂಡಿಲ್ಲ. ನಾಳಿ ಶನಿವಾರ, ಎಲಿ ಬರತಾವ. ಸುಮ್ಮನ ಮನ್ಯಾಗ ಕುಂಡ್ರು," ಅಂದ್ಲು.

ಪಂಚಾಯ್ತಿ ಗ್ರಂಥಾಲಯದಾಗ ಇದ್ದದ್ದು ನಾಕ ಕಂಪ್ಯೂಟರು. ಶನಿವಾರದ ತರಗತಿ ತಪ್ಪಿಸಿದ್ರ ಆ ಜಾಗ ಬ್ಯಾರೆಯವರಿಗೆ. ಮದಿಹಾಗ ಇದು ಚಲೋ ಗೊತ್ತಿತ್ತು. ಮರುದಿನ ಅರ್ಧ ದಿನದ ಸಾಲಿ ಬಿಟ್ಟಕೂಡಲೆ ಮನಿ ದಾರಿ ಹಿಡೀಲೇ ಇಲ್ಲ, ಸೀದಾ ಗ್ರಂಥಾಲಯಕ್ಕ ನಡದ್ಲು. ಬೈತಾರೇನು? ಬೈಲಿ!

ಸ್ವಲ್ಪ ಹೊತ್ತಿಗೆ ದಾದಿ ಬಾಗಲದಾಗ ಬಂದು ನಿಂತ್ಲು. ತೊಯ್ದ ಕೈ ಸೆರಗಿಗೆ ಒರಸಕೋತ, "ಎಲ್ಲಿ ಅದಾಳ ಆಕಿ?" ಅಂದ್ಲು.

ತರಗತಿ ನಡಸೋ ಶ್ವೇತಾ ತಡಸದಿಂದ ಬಸ್ಸಿಗೆ ಬರಾಕಿ. ಇಂಥ ಸಿಟ್ಟು ಆಕೀಗೇನು ಹೊಸಾದಲ್ಲ.

"ಬರ್ರಿ ಅಮ್ಮಾರ, ಕುಂಡ್ರಿ. ಕರಕೊಂಡು ಹೋಗಬ್ಯಾಡ್ರಿ ಅನ್ನಂಗಿಲ್ಲ. ಮದಲ ಮೊಮ್ಮಗಳು ಮಾಡಿದ್ದು ನೋಡ್ರಿ."

"ಇದ್ರಾಗಿಂದು ನನಗೇನು ತಿಳೀತೈತವಾ?"

"ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ರಿ, ನಾವು ಹೇಳಿದಷ್ಟ ಮಾಡತೈತಿ. ಈ ಬಣ್ಣದ ತುಂಡು ಅದಾವಲ್ಲ, ಇವಕ್ಕ ಬ್ಲಾಕ್ ಅಂತಾರ. ಒಂದೊಂದೂ ಒಂದೊಂದು ಹುಕುಂ: ನಡಿ, ನಿಲ್ಲು, ಎಣಸು. ಒಂದರ ಕೆಳಗ ಒಂದು ಜೋಡಸ್ಕೋತ ಹೋಗೋದು, ಅಷ್ಟ."

ಪರದೆ ಮ್ಯಾಲಿಂದ ವೀಳ್ಯದೆಲಿ ಉದುರಾಕತ್ವು. ಕೆಳಗೊಂದು ಬುಟ್ಟಿ. ಗುಂಡಿ ಒತ್ತಿದ್ರ ಬುಟ್ಟಿ ಸರೀತೈತಿ, ಎಲಿ ಬಿದ್ರ ಎಣಿಕಿ ಏರತೈತಿ. ಕುಲಸುಮಬಿ ಹೆದರಿಕೋತ ಒಂದ ಬೆರಳಿಲೆ ಒತ್ತಿ ನೋಡಿದ್ಲು. ಐದು ಎಲಿ ಬಿದ್ವು, ಆರು ಬಿದ್ವು. ಏಳನೇದು ಬಿದ್ದಕೂಡಲೆ ಚೀರಿದ್ಲು.

"ಯಾ ಅಲ್ಲಾ! ಇದು ಹರಕ ಎಲಿ! ಇದನ್ನೂ ಎಣಸತೈತಲ್ಲ! ಇಂಥ ಕಟ್ಟು ಪ್ಯಾಟಿಗೆ ಕಳಿಸಿದ್ರ ನನ್ನ ಮಾನ ಉಳೀತೈತೇನು?"

ಮದಿಹಾನ ಮಾರಿ ಸಣ್ಣದಾತು. ಎರಡು ವಾರ ಕುಂತು ಮಾಡಿದ ಆಟ. ಹರಕ ಎಲಿ ಚಿತ್ರ ಬರದಿದ್ಲು ಖರೆ, ಅದನ್ನ ಎಣಸಬ್ಯಾಡ ಅಂತ ಕಂಪ್ಯೂಟರಿಗೆ ಹೇಳಿರಲಿಲ್ಲ. ಎಲಿ ರಾಶಿ ನಡುವ ಬೆಳದಾಕಿಗೆ, ಅದೂ ಒಂದು ಹೇಳೋ ಮಾತು ಅಂತ ಅನಿಸಿರಲೇ ಇಲ್ಲ. ಅಳು ಬಂತು, ಆದ್ರ ಅಳಲಿಲ್ಲ.

"ಹಂಗಾದ್ರ ನೀನ ಹೇಳು ದಾದಿ. ಏನ್ ಮಾಡ್ಲಿ?"

"ಏನ್ ಮಾಡೋದು? ಹರಕ ಇದ್ರ ಬ್ಯಾರೆ ಬುಟ್ಟಿಗೆ ಹಾಕು. ಇಲ್ಲಂದ್ರ ಕಟ್ಟಿನಾಗ ಎಣಸು."

'ಹಿಂಗಿದ್ರ ಇದು, ಇಲ್ಲಂದ್ರ ಅದು' ಅನ್ನೋದಕ್ಕೂ ಒಂದು ಬ್ಲಾಕ್ ಇತ್ತು. ಮದಿಹಾ ಪರದೆ ಮ್ಯಾಲೆ ಇನ್ನೊಂದು ಬುಟ್ಟಿ ಇಟ್ಟು, ಆ ಬ್ಲಾಕ್ ಎಳದು ಕೂಡಿಸಿದ್ಲು. ಅವಸರದಾಗ ಉಲ್ಟಾ ಕೂಡಿಸಿದ್ಲು. ಚಲೋ ಎಲಿ ಎಲ್ಲಾ ಬ್ಯಾರೆ ಬುಟ್ಟ್ಯಾಗ, ಹರಕ ಎಲ್ಲಾ ಕಟ್ಟಿನಾಗ! ದಾದಿ ಹಣಿ ಬಡಕೊಂಡ್ಲು. "ಉಲ್ಟಾ ಆತಲ್ಲೇ ಹುಚ್ಚಿ! ಅದಲಬದಲ ಮಾಡು!"

ಮಾಡಿದ್ಲು. ಸರಿ ಆತು.

"ನೋಡ್ರಿ ಅಮ್ಮಾರ," ಅಂತ ಶ್ವೇತಾ ನಕ್ಲು. "ತಪ್ಪು ಎಲ್ಲೈತಿ ಅಂತ ಹುಡುಕಿ ಸರಿ ಮಾಡೋದ ಈ ವಿದ್ಯಾ. ಇದಕ್ಕ ಕೋಡಿಂಗ್ ಅಂತಾರ. ನೀವೀಗ ಮಾಡಿದ್ದೂ ಅದನ್ನ."

ಕುಲಸುಮಬಿ ತನ್ನ ಕೈ ನೋಡಿಕೊಂಡ್ಲು. ಆಕೀ ಕೈ ಐವತ್ತು ವರ್ಷ ಮಾಡಿದ ಕೆಲಸಕ್ಕ ಯಾರೂ ವಿದ್ಯಾ ಅಂದಿರಲಿಲ್ಲ. ಕಣ್ಣಾಗ ನೀರು ಬಂತು, ಅದರ ಹಿಂದ ಸಿಟ್ಟೂ ಬಂತು.

ಅಷ್ಟರಾಗ ನಾಸೀರ ಬಂದ. "ಅಮ್ಮಾ, ಕರಕೊಂಡು ಬಾ ಅಂದ್ರ ನೀನೂ ಆಟಕ್ಕ ಕುಂತ್ಯಾ? ಎಲಿ ಬಂದು ಬಿದ್ದಾವ. ಯಾರು ಆರಸ್ತಾರ?"

"ನೀ ಆರಸು."

"ನಾನಾ?"

"ಯಾಕ, ನಿನಗ ಕೈ ಇಲ್ಲೇನು? ನನ್ನ ಸಾಲಿ ಬಿಡಿಸಿ ಎಲಿ ಮುಂದ ಕುಂಡ್ರಿಸಿದಾಗ ನಾ ಪಿಟ್ಟಂತ ಅನಲಿಲ್ಲ. ಇಕಿಗೆ ಬಾಯಿ ಐತಿ. ಇಕಿ ಇಲ್ಲಿಂದ ಏಳಂಗಿಲ್ಲ. ಎಬ್ಬಸಾಕ ಬಂದಾವರು ಮದಲ ನನ್ನ ಎಬ್ಬಸಲಿ!"

ಅಂದಾಕಿನ ಮದಿಹಾನ ಬಾಜೂಕ ಗಟ್ಟಿಯಾಗಿ ಕುಂತ್ಲು. ನಾಸೀರ ಪರದೆ ಕಡೆ ನೋಡಿದ, ಮತ್ತ ನೋಡಿದ. ಕಡೀಕ ಮೆಲ್ಲಕ ಕೇಳಿದ, "ಈ ಬುಟ್ಟಿ ಇಷ್ಟು ಸಾವಕಾಶ ಯಾಕ ಸರೀತೈತಿ?"

"ಹೋಗಿ ಎಲಿ ಆರಿಸಿ ಬಾ ಕಾಕಾ," ಅಂದ್ಲು ಮದಿಹಾ. "ಜೋರ ಓಡಸೋದು ಹೆಂಗಂತ ನಾ ನಿನಗ ಕಲಸತೇನಿ."

ನಾಸೀರ ನಕ್ಕೋತ ಮನಿಗೆ ಹೋದ. ಹೋಗಿ ಎಲಿ ಆರಿಸಿದ.

ಇದನ್ನ ಕೇಳಾಕತ್ತಿರೋ ಅಕ್ಕಾರ, ಅಣ್ಣಾರ, ಈಗ ನಿಮ್ಮ ಪಾಳಿ. ಹಾನಗಲ್ಲಿರಲಿ, ಶಿಗ್ಗಾಂವಿರಲಿ, ಹಿರೇಕೆರೂರಿರಲಿ, ನಿಮ್ಮೂರ ಸಾಲಿಗೆ, ಗ್ರಂಥಾಲಯಕ್ಕ ಹೋಗ್ರಿ. ಬ್ಲಾಕ್ ಜೋಡಿಸಿ ಆಟ ಮಾಡೋದು ಕಲಸ್ತೀರೇನು ಅಂತ ಕೇಳ್ರಿ. ಇಲ್ಲ ಅಂದ್ರ, ಯಾಕಿಲ್ಲ ಅಂತ ಕೇಳ್ರಿ. ಕಂಪ್ಯೂಟರ್ ಬರೋತನಕ ಚೀಟಿ ಮ್ಯಾಲೆ 'ನಡಿ, ನಿಲ್ಲು, ತಿರುಗು' ಅಂತ ಬರದು, ಅದರಂಗ ಮಕ್ಕಳನ್ನ ನಡಸ್ಕೋತ ಅಂಗಳದಾಗ ಸುರು ಮಾಡ್ರಿ. ಮಗಳು ಪರದೆ ಮುಂದ ಕುಂತಿದ್ರ ಬೈಯೋಕ್ಕಿಂತ ಮದಲ, ಏನು ಮಾಡಾಕತ್ತೀ ಅಂತ ಬಾಜೂಕ ಕುಂತು ನೋಡ್ರಿ. "ಹುಡುಗ್ಯಾರಿಗೆ ಇದೆಲ್ಲಾ ಯಾಕ ಬೇಕು?" ಅಂತ ಯಾರರ ಕೇಳಿದ್ರ, ಬೇಕು ಅಂತ ಹೇಳ್ರಿ. ಗಟ್ಟಿಯಾಗಿ ಹೇಳ್ರಿ, ಮಗಳಿಗೂ ಕೇಳಲಿ.