ಸಿಪ್ಪೆ ಸುಲಿದವರದ್ದು

ಬಚ್ಚಲ ಒಲೆಗೆ ಒಣ ಅಡಿಕೆ ಸಿಪ್ಪೆ ತುಂಬಿ ಊದುತ್ತಿದ್ದೆ. ನಾದಿನಿ ಅಂಬಿಕಾ ಹೆತ್ತು ಹನ್ನೆರಡು ದಿನ. ಅವಳಿಗೂ ಮಗುವಿಗೂ ದಿನಾ ಎರಡು ಹಂಡೆ ಬಿಸಿನೀರು ಬೇಕು. ನೀರಿನ್ನೂ ಕಾದಿರಲಿಲ್ಲ, ಮಗಳು ದೀಕ್ಷಾ ಓಡಿ ಬಂದಳು.

"ಅಮ್ಮಾ, ಗೌಡ್ರ ಅಂಗಳಕ್ಕೆ ಲಾರಿ ಬಂದಿದೆ. ನಮ್ಮ ಸಿಪ್ಪೆ ಚೀಲಕ್ಕೆ ತುಂಬ್ತಿದಾರೆ!"

ಊದುಗೊಳವೆ ಅಲ್ಲೇ ಬಿಟ್ಟು ಎದ್ದೆ. ನಮ್ಮೂರು ಬೇಗಾರಿನಲ್ಲಿ ನನಗೆ ತಿಳಿದಾಗಿನಿಂದ ಒಂದೇ ರೂಢಿ: ಅಡಿಕೆ ತೋಟದವರದ್ದು, ಸಿಪ್ಪೆ ಸುಲಿದವರದ್ದು. ನಮ್ಮ ಮನೆಗೆ ಬಿಸಿಲು ಬೀಳುವುದಿಲ್ಲವೆಂದು ನನ್ನ ಪಾಲನ್ನು ತೋಟದ ಒಡೆಯ ಸುಂದರೇಶ್ ಗೌಡರ ಅಂಗಳದ ಮೂಲೆಯಲ್ಲೇ ಹರವಿದ್ದೆ. ಮಳೆಗಾಲದವರೆಗಿನ ಉರುವಲು ಅದು. ಕಾಡಿನಲ್ಲಿ ಒಂದು ಒಣಕೊಂಬೆ ಎತ್ತಿದರೂ ಗಾರ್ಡು ಕತ್ತಿ ಕಿತ್ತುಕೊಳ್ಳುತ್ತಾನೆ.

ದೀಕ್ಷಾಳ ಜೊತೆ ಗೌಡರ ಅಂಗಳಕ್ಕೆ ಓಡಿ, ಇದೆಲ್ಲ ಎಲ್ಲಿಗೆಂದು ಕೇಳಿದೆ. ಲಾರಿಯ ಯೋಗೇಂದ್ರ ನಗುತ್ತಲೇ ಹೇಳಿದ. "ಉಕ್ಕಿನ ಕಾರ್ಖಾನೆಗೆ ಹೋಗ್ತದೆ ಅಕ್ಕ. ಅಲ್ಲಿ ಇನ್ನು ಕಲ್ಲಿದ್ದಲು ಕಮ್ಮಿ ಮಾಡ್ತಾರಂತೆ. ಸಿಪ್ಪೆ ಪುಡಿ ಮಾಡಿ, ಒತ್ತಿ, ಅದನ್ನೇ ಉರಿಸ್ತಾರೆ. ಭೂಮಿ ತಂಪಾಗ್ತದೆ."

"ಭೂಮಿ ತಂಪಾಗ್ಲಿ ಮಾರಾಯ. ಬಾಣಂತಿಗೆ ಥಂಡಿಯಾದ್ರೆ ನೀನು ನೋಡ್ತೀಯಾ?"

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಗೌಡರು ಲೋಟ ಕೆಳಗಿಟ್ಟರು. "ಗ್ಯಾಸ್ ಇದೆಯಲ್ಲೇ ಕಾವ್ಯ ನಿಂಗೆ."

"ಹಂಡೆಗೆ ಗ್ಯಾಸ್ ಹಚ್ಚಿದ್ರೆ ಅನ್ನಕ್ಕೆ ಎಂತ ಮಾಡ್ಲಿ ಗೌಡ್ರೆ? ರೂಢಿ ಇತ್ತಲ್ಲ?"

"ರೂಢಿ ಇದ್ದದ್ದು ಸಿಪ್ಪೆ ಯಾರಿಗೂ ಬೇಡದಿದ್ದಾಗ. ಈಗ ಇದು ದೇಶದ ಕೆಲ್ಸ. ನಾವೂ ಸ್ವಲ್ಪ ತ್ಯಾಗ ಮಾಡ್ಬೇಕಪ್ಪ."

ಅವರ ಹೆಂಚಿನ ಮೇಲೆ ಸೋಲಾರ್ ಹೊಳೆಯುತ್ತಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರು. ಇವರ ತ್ಯಾಗಕ್ಕೆ ನನ್ನ ಸಿಪ್ಪೆಯೇ ಆಗಬೇಕಿತ್ತೆ? ಅಷ್ಟು ವರ್ಷ ಕಲ್ಲಿದ್ದಲು ಉರಿಸುವಾಗ ಕಾರ್ಖಾನೆಯವರು ನಮ್ಮನ್ನು ಕೇಳಿರಲಿಲ್ಲ. ಈಗ ಅದರ ಪ್ರಾಯಶ್ಚಿತ್ತಕ್ಕೂ ಕೇಳಲಿಲ್ಲ, ಎತ್ತಿಕೊಂಡು ಹೊರಟರು.

ತುಂಬಿದ ಚೀಲದ ಮೇಲೆ ಹೋಗಿ ಕೂತೆ. "ಇದು ನಾನು ಸುಲಿದದ್ದು. ಏಳೋದಿಲ್ಲ."

"ಹಂಗಾದ್ರೆ ನಾಳೆಯಿಂದ ಸುಲಿಯೋಕೆ ಬರೋದು ಬೇಡ," ಅಂದರು ಗೌಡರು, ದನಿ ಏರಿಸದೆಯೇ.

ದೀಕ್ಷಾ ಆಗಿನಿಂದ ಸೆರಗು ಜಗ್ಗಿ ಏನೋ ಕೇಳಲು ನೋಡುತ್ತಿದ್ದಳು. ದೊಡ್ಡವರ ಎದುರು ಮಾತಾಡಬಾರದು ಎಂದು ಪ್ರತಿ ಸಲವೂ ಅವಳ ಕೈ ಅದುಮಿದ್ದೆ. ಈಗ ಬಿಟ್ಟುಬಿಟ್ಟೆ.

ಅವಳು ನೆಟ್ಟಗೆ ಜಗಲಿಯ ಮೆಟ್ಟಿಲವರೆಗೆ ಹೋಗಿ ನಿಂತಳು.

"ಗೌಡ್ರೆ, ಹೊಗೆ ಮಾಡಿದ್ದು ಕಾರ್ಖಾನೆಯವ್ರಲ್ವಾ? ನಮ್ಮ ಪಾಪು ಯಾಕೆ ತಣ್ಣೀರಲ್ಲಿ ಮೀಯ್ಬೇಕು?"