ಭುಜಕ್ಕೆ ಚುಚ್ಚಿದ ಹೊಲಿಗೆ ಸೂಜಿ

ಹೊಲಿಗೆಯಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಹೆಂಡತಿ, ಹೊಲಿಯುವುದು ಗಂಡ. ಕೆಲವು ತಿಂಗಳಿಂದ ಅವಳ ಬಲಭುಜ ಹಿಡಿದುಕೊಂಡಿತ್ತು. ಕತ್ತರಿ ಎತ್ತಿದರೆ ಜೀವ ಹೋದಂತಾಗುತ್ತಿತ್ತು. ಅವಳ ಕೈ ನಿಂತರೆ ಅಂಗಡಿಯೇ ನಿಂತಂತೆ.

ಎದುರುಮನೆಯ ನರ್ಸು ತನ್ನ ಸಮವಸ್ತ್ರ ಒಯ್ಯಲು ಬಂದಾಗ ಅವಳು ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು.

"ಏನಾಯ್ತಕ್ಕಾ?"

"ಭುಜ ನೋಡೇ ಸ್ವಲ್ಪ."

ಅಂಗಿಯ ಕತ್ತು ಸರಿಸಿದ ನರ್ಸಿನ ಕೈ ಅಲ್ಲೇ ನಿಂತಿತು. ಭುಜ ಊದಿ ಕೆಂಪಾಗಿತ್ತು. ಸಾಲಾಗಿ ಚುಚ್ಚಿದ ಗುರುತು. ಒಂದರಲ್ಲಿ ಕೀವು.

"ಯಾರು ಮಾಡಿದ್ದು ಇದು?"

ಯಂತ್ರದ ಸದ್ದು ನಿಂತಿತು. ಗಂಡ ಗೊಣಗಿದ: "ನಾನೇ. ಫೋನಲ್ಲಿ ನೋಡ್ದೆ, ಅಕ್ಯುಪಂಕ್ಚರ್ ಅಂತ, ಸೂಜಿ ಚುಚ್ಚಿ ನೋವು ತೆಗೆಯೋದು. ದಿನಾ ಸೂಜಿ ಹಿಡಿಯೋನಿಗೆ ಇದೇನು ಮಹಾ ಅನ್ನಿಸ್ತು. ಇವಳ ಒದ್ದಾಟ ನೋಡೋಕಾಗ್ಲಿಲ್ಲ, ಸಿಸ್ಟರ್."

"ಯಾವ ಸೂಜಿ?"

"ಗುಂಡಿ ಹೊಲಿಯೋದು. ಬೆಂಕಿಗೆ ಹಿಡಿದೇ ಚುಚ್ಚಿದ್ದು."

"ಅಯ್ಯೋ ದೇವ್ರೇ! ಅಕ್ಕ ಏನು ನೀವು ಹೊಲಿಯೋ ಕೋಟಾ, ಭಾವ? ಈ ಜಾಗದಲ್ಲಿ ಆಳಕ್ಕೆ ಹೋದ್ರೆ ಶ್ವಾಸಕೋಶಕ್ಕೇ ತೂತು ಬೀಳಬಹುದು, ಗೊತ್ತಾ?"

ಗಂಡ ಯಂತ್ರ ಬಿಟ್ಟೆದ್ದು ಆಟೋ ಕರೆಯಲು ಓಡಿದ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಕೀವು ತೆಗೆದರು. ಪುಣ್ಯಕ್ಕೆ ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ. ಗಾಯ ಮಾಗಿತು, ಹಳೆಯ ನೋವು ಮಾತ್ರ ಜಾಗ ಬಿಡಲಿಲ್ಲ. ವೈದ್ಯರು ಮಾತ್ರೆ ಕೊಟ್ಟು ವ್ಯಾಯಾಮ ಹೇಳಿಕೊಟ್ಟರು. ಬೇಕಿದ್ದರೆ ತರಬೇತಿ ಪಡೆದು ಅಧಿಕೃತ ಅನುಮತಿ ಹೊಂದಿದವರ ಬಳಿ ಅಕ್ಯುಪಂಕ್ಚರ್ ಕೂಡ ಮಾಡಿಸಿ ನೋಡಬಹುದು ಎಂದರು.

"ಮತ್ತೆ ಸೂಜಿನಾ? ನನ್ನ ಹೆಣ ಬಿದ್ರೂ ಬೇಡ," ಎಂದ ಗಂಡ.

"ಚುಚ್ಚಿಸ್ಕೊಳ್ಳೋದು ನಾನು. ಅಲ್ಲಿ ನಿಮ್ಮ ಹೆಣಕ್ಕೇನು ಕೆಲಸ?" ಎಂದಳು ಹೆಂಡತಿ. ನರ್ಸೂ ಜೊತೆಗೆ ಹೊರಟಳು, ಗೊಣಗುತ್ತ ಗಂಡನೂ.

ಅಕ್ಯುಪಂಕ್ಚರ್ ಮಾಡಲು ಅನುಮತಿ ಪಡೆದಿದ್ದ ಚಿಕಿತ್ಸಕಿ ಮೊದಲು ಸೂಜಿ ಮುಟ್ಟಲೇ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಉಂಟಾ, ಹೃದಯ ಬಡಿತಕ್ಕೆಂದು ಎದೆಗೆ ಪೇಸ್‌ಮೇಕರ್ ಯಂತ್ರ ಹಾಕಿದ್ದಾರಾ, ಬಸುರಿಯಾ, ಏನಾದರೂ ತಿಂದು ಬಂದಿದ್ದೀರಾ ಎಂದೆಲ್ಲ ಕೇಳಿದಳು. ಕೈ ತೊಳೆದಳು. ಅವರೆದುರೇ ಮುಚ್ಚಿದ ಸೂಜಿ ಪೊಟ್ಟಣ ಒಡೆದಳು. ಗಂಡ ಬಗ್ಗಿ ನೋಡಿ ಬೆಚ್ಚಿದ. ಕೂದಲೆಳೆಯಷ್ಟು ತೆಳು!

"ಇದಕ್ಕೆ ದಾರ ಪೋಣಿಸೋ ಕಣ್ಣೇ ಇಲ್ವಲ್ರೀ!"

"ನಾನೇನು ಇವರನ್ನ ಹೊಲೀತೀನಾ?" ಎಂದು ಚಿಕಿತ್ಸಕಿ ನಕ್ಕಳು.

ಮೊದಲ ಸೂಜಿಗೆ ಹೆಂಡತಿ ಕಣ್ಣು ಮುಚ್ಚಿದಳು. "ಸೊಳ್ಳೆ ಕಚ್ಚಿದ ಹಾಗಾಯ್ತು. ಈಗ ಒಳಗೆ ಭಾರ, ಜುಮ್ಮನ್ನುತ್ತೆ."

"ಅದು ಸಹಜ. ಜೋರು ನೋವಾದ್ರೆ, ತಲೆ ಸುತ್ತಿದ್ರೆ ಹೇಳಿ, ತಕ್ಷಣ ತೆಗೀತೀನಿ."

ಅರ್ಧ ಗಂಟೆಯಲ್ಲಿ ಅವಳಿಗೆ ಜೊಂಪು ಹತ್ತಿತ್ತು. ಸೂಜಿ ತೆಗೆದಾಗ ಒಂದು ಕಡೆ ಹನಿ ರಕ್ತ ಕಂಡಿತು. ಅಲ್ಲಿ ಸ್ವಲ್ಪ ನೀಲಿಗಟ್ಟಬಹುದು, ಹೆದರಬೇಡಿ ಎಂದು ಚಿಕಿತ್ಸಕಿ ಸೂಜಿಗಳನ್ನೆಲ್ಲ ಗಟ್ಟಿ ಡಬ್ಬಿಗೆ ಹಾಕಿಬಿಟ್ಟಳು.

"ಹೊಸಾ ಸೂಜಿ! ಬಿಸಾಕ್ಬಿಟ್ರಾ?" ಗಂಡನ ಕಣ್ಣು ಹೊರಬಂದವು.

"ಒಬ್ಬರ ಮೈಗೆ ಚುಚ್ಚಿದ್ದು ಮತ್ತೆ ಯಾರಿಗೂ ಇಲ್ಲ."

"ಇಷ್ಟಕ್ಕೆ ನೋವು ಹೋಗುತ್ತಾ?"

"ಭಾಷೆ ಕೊಡೋಕಾಗಲ್ಲ. ಕೆಲವರಿಗೆ ಹಗುರಾಗುತ್ತೆ, ಕೆಲವರಿಗಿಲ್ಲ. ನಾಲ್ಕಾರು ಸಲ ನೋಡೋಣ, ಫಲ ಕಾಣದಿದ್ರೆ ನಾನೇ ಬೇಡ ಅಂತೀನಿ. ಡಾಕ್ಟರ್ ಕೊಟ್ಟ ಮಾತ್ರೆ, ವ್ಯಾಯಾಮ ಮಾತ್ರ ಬಿಡ್ಬೇಡಿ."

ಗಂಡ ಹೆಂಡತಿಯ ಚೀಲ ಕೈಗೆತ್ತಿಕೊಂಡ. "ಮುಂದಿನ ಸಲ ಯಾವಾಗ ಕರ್ಕೊಂಡು ಬರ್ಲಿ?"

ವ್ಯಾಯಾಮ, ನಾಲ್ಕಾರು ಸಲದ ಸೂಜಿ ಆದಮೇಲೆ ಈಗ ಅವಳ ಕೈ ತಲೆಯವರೆಗೆ ಏರುತ್ತದೆ. ಇನ್ನೂ ಪೂರ್ತಿ ಗುಣವಾಗಿಲ್ಲ, ಆದರೆ ಕತ್ತರಿ ಹಿಡಿದಿದ್ದಾಳೆ.

ಇದನ್ನು ಕೇಳುತ್ತಿರುವ ಅಕ್ಕ, ಅಣ್ಣ, ನೀವೂ ಅಕ್ಯುಪಂಕ್ಚರ್‌ಗೆ ಹೋಗುವುದಾದರೆ ಬಾಯಿಬಿಟ್ಟು ಕೇಳಿ: ಎಲ್ಲಿ ಕಲಿತಿರಿ? ಸೂಜಿ ಹೊಸದೇ? ಆಮೇಲೆ ಜ್ವರ, ಎದೆನೋವು, ಉಸಿರುಗಟ್ಟಿದಂತಾದರೆ ನೇರ ಆಸ್ಪತ್ರೆಗೆ ಓಡಿ. ಮನೆಯಲ್ಲೇ ಯಾರಾದರೂ ಚುಚ್ಚಲು ಬಂದರೆ, ಅವರು ಎಷ್ಟೇ ಪ್ರೀತಿಯವರಾಗಿರಲಿ, ಕೈ ಹಿಡಿದು ನಿಲ್ಲಿಸಿ.